ಕಡಲಿಗೆ ಹೊರಡುವ ಮುನ್ನ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಸಂಕ್ರಾಂತಿ ಹತ್ತಿರ ಬಂತು, ಅದರ ಬೆನ್ನಿಗೇ ಗಣರಾಜ್ಯೋತ್ಸವ. ಧ್ವಜಾರೋಹಣ ಮುಗಿಸಿ ಹಾಗೇ ಘಟ್ಟ ಇಳಿದು ಹೊನ್ನಾವರ, ಮುರುಡೇಶ್ವರ, ಗೋಕರ್ಣ, ಕಾರವಾರದ ಕಡೆ ಹೋಗಿಬರುವ ಯೋಚನೆ ನಿಮ್ಮಲ್ಲಿ ಹಲವರಿಗಿದೆ ಎಂದು ಮಕ್ಕಳು ಹೇಳಿದರು. ಖುಷಿಯಾಗಿ ಹೋಗಿಬನ್ನಿ. ಈಗ ಆ ತೀರದಲ್ಲಿ ಕಡಲಾಮೆಗಳು ಮೊಟ್ಟೆ ಇಡುವ ಕಾಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವವು ಹೆಚ್ಚಾಗಿ ಆಲಿವ್ ರಿಡ್ಲೆ ಎಂಬ ಜಾತಿಯ ಆಮೆಗಳು. ಒಂದೊಂದೂ ಸುಮಾರು ಎರಡು ಅಡಿ ಉದ್ದ, ನಲವತ್ತು ಕೆಜಿ ಆಸುಪಾಸು ತೂಕ. ಒಡಿಶಾದ ಗಹಿರ್‌ಮಠ ಮತ್ತು ಋಷಿಕುಲ್ಯಾ ತೀರಗಳಲ್ಲಿ ಇವು ಲಕ್ಷಗಟ್ಟಲೆ ಒಟ್ಟಿಗೇ ದಡ ಹತ್ತುತ್ತವೆ. ಟಿವಿಯಲ್ಲಿ ನೀವೂ ನೋಡಿರುತ್ತೀರಿ. ನಮ್ಮಲ್ಲಿ ಹಾಗಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದೊಂದಾಗಿ, ಹೆಚ್ಚಾಗಿ ರಾತ್ರಿ ಹೊತ್ತು, ಸದ್ದಿಲ್ಲದೆ ಬಂದು ಹೋಗುತ್ತವೆ. ಹೊನ್ನಾವರದ ಕಾಸರಕೋಡ ಟೊಂಕ, ಕಾರವಾರದ ದೇವಬಾಗ, ಮಾಜಾಳಿ, ಕುಂದಾಪುರದ ಕೋಡಿ, ಮಂಗಳೂರಿನ ಆಚೆ ಸಸಿಹಿತ್ಲು, ಇಲ್ಲೆಲ್ಲ ಗೂಡುಗಳು ಸಿಕ್ಕಿವೆ. ಹೀಗೆ ಒಂಟಿಯಾಗಿ ಬರುವುದರಿಂದಲೇ ನಮ್ಮ ಕಡೆ ಪ್ರತಿಯೊಂದು ಗೂಡಿಗೂ ಬೆಲೆ ಜಾಸ್ತಿ.

ಹೆಣ್ಣಾಮೆ ತಾನು ಹುಟ್ಟಿದ ತೀರದ ಆಸುಪಾಸಿಗೇ ಮೊಟ್ಟೆ ಇಡಲು ಮರಳಿ ಬರುತ್ತದೆ. ಭೂಮಿಯ ಕಾಂತಶಕ್ತಿ ಅದಕ್ಕೆ ದಾರಿ ತೋರಿಸುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಮಗಳು ಹೆರಿಗೆಗೆ ತವರಿಗೆ ಬಂದ ಹಾಗೆ ಇದು. ತವರಿಗೆ ಬಂದವಳ ಕೋಣೆಯಲ್ಲಿ ನಾವು ಲೈಟ್ ಹಾಕಿ ಗದ್ದಲ ಮಾಡುವುದಿಲ್ಲ, ಅಲ್ವಾ?

ಈ ಲೈಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಮ್ನೆ ಆಮೆಯನ್ನು ಮುಟ್ಟಬೇಡಿ ಎಂದರೆ ಎಲ್ಲರೂ ಒಪ್ಪುತ್ತಾರೆ. ಆದರೆ ಮುಟ್ಟದೆಯೂ ನಾವು ತೊಂದರೆ ಕೊಡುತ್ತೇವೆ. ನೀರಿನಿಂದ ಎದ್ದು ಬರುವಾಗ ಆಮೆಗೆ ತುಂಬಾ ಅಂಜಿಕೆ. ದಂಡೆಯ ಮೇಲೆ ಟಾರ್ಚ್, ಮೊಬೈಲ್ ಫ್ಲ್ಯಾಶ್, ಕ್ಯಾಂಪ್ ಫೈರ್, ಜನರ ಓಡಾಟ ಕಂಡರೆ ಮೊಟ್ಟೆ ಇಡದೆಯೇ ನೀರಿಗೆ ತಿರುಗಿಬಿಡುತ್ತದೆ. ಮರಿಗಳಿಗಂತೂ ಬೆಳಕೇ ದಿಕ್ಕು. ಕತ್ತಲಲ್ಲಿ ಮರಳಿನಿಂದ ಹೊರಬಂದ ಮರಿ ಎಲ್ಲಿ ಹೆಚ್ಚು ಬೆಳಕು ಕಾಣುತ್ತದೋ ಅತ್ತ ಹೊರಡುತ್ತದೆ. ಲಕ್ಷಾಂತರ ವರ್ಷಗಳಿಂದ ಆ ಬೆಳಕು ಅಂದರೆ ಕಡಲಿನ ಮೇಲಿನ ಬಯಲು ಆಕಾಶ. ಈಗ ಅದು ಹೋಟೆಲಿನ ಲೈಟ್. ಮರಿ ರಸ್ತೆಯ ಕಡೆ ಹರಿದು ಹೋಗುತ್ತದೆ. ನಾಯಿ, ಕಾಗೆ, ಏಡಿಗಳ ಬಾಯಿಗೆ ಸಿಗುತ್ತದೆ, ಇಲ್ಲವೇ ಬಿಸಿಲೇರಿದಾಗ ಒಣಗಿ ಸಾಯುತ್ತದೆ.

ಆದ್ದರಿಂದ ನಾನು ನಿಮ್ಮನ್ನು ಮುಖ್ಯವಾಗಿ ಕೇಳುವುದು ಇಷ್ಟು. ನೀವು ಉಳಿಯುವ ಹೋಂಸ್ಟೇ ದಂಡೆಯ ಪಕ್ಕದಲ್ಲಿದ್ದರೆ, ರಾತ್ರಿ ಕಡಲ ಕಡೆಯ ಲೈಟ್ ಆರಿಸಲು ಮಾಲೀಕರಿಗೆ ಹೇಳಿ. ಮಕ್ಕಳ ಕೈಯಲ್ಲೇ ಹೇಳಿಸಿ. ದೊಡ್ಡವರು ಹೇಳಿದರೆ ನೋಡೋಣ ಎನ್ನುವವರು, ಐದನೇ ಕ್ಲಾಸಿನ ಹುಡುಗಿ ಕಾರಣ ಕೊಟ್ಟು ಕೇಳಿದರೆ ಕೇಳುತ್ತಾರೆ. ನಿಮ್ಮ ಕೋಣೆಯ ಕಿಟಕಿಗೆ ಪರದೆ ಎಳೆಯಿರಿ. ದಂಡೆಯ ಮೇಲೆ ಬೆಂಕಿ ಹಾಕಬೇಡಿ. ಕಾರು, ಬೈಕು ಮರಳಿಗೆ ಇಳಿಸಲೇಬೇಡಿ. ಮಕ್ಕಳು ಮರಳಿನಲ್ಲಿ ಗುಂಡಿ ತೋಡಿ ಆಡಿದರೆ, ಹೊರಡುವ ಮೊದಲು ಅವರಿಂದಲೇ ಮುಚ್ಚಿಸಿ. ಅಂಗೈಗಿಂತ ಚಿಕ್ಕ ಮರಿ ಆ ಗುಂಡಿಗೆ ಬಿದ್ದರೆ ಮೇಲೆ ಹತ್ತಲಾರದು.

ಅದೃಷ್ಟವಿದ್ದು ಆಮೆ ಕಂಡರೆ? ಅಲ್ಲೇ ಕೂತುಬಿಡಿ. ಮುಂದೆ ಹೋಗಬೇಡಿ, ಮಾತು ಬೇಡ, ಬೆಳಕು ಬೇಡ. ಅದರ ಎದುರಿಗಂತೂ ನಿಲ್ಲಬೇಡಿ. ಹಿಂಗಾಲುಗಳಿಂದ ಒಂದೊಂದೇ ಬೊಗಸೆ ಮರಳು ಎತ್ತಿ ಹೂಜಿಯಾಕಾರದ ಗುಂಡಿ ತೋಡುತ್ತದೆ. ಸುಮಾರು ನೂರು ಮೊಟ್ಟೆ ಇಡುತ್ತದೆ. ಆಮೇಲೆ ಮರಳು ಮುಚ್ಚಿ, ಮೈಯನ್ನು ಎಡಕ್ಕೂ ಬಲಕ್ಕೂ ಬಡಿಯುತ್ತಾ ಅದನ್ನು ಗಟ್ಟಿ ಮಾಡುತ್ತದೆ. ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಆಗ ಅದರ ಕಣ್ಣಲ್ಲಿ ನೀರು ಸುರಿಯುತ್ತಿರುತ್ತದೆ. ಪಾಪ ಅಳ್ತಿದೆ ಎಂದು ಮಕ್ಕಳು ಕೇಳುತ್ತಾರೆ. ಅಳುವುದಲ್ಲ, ಮೈಯಲ್ಲಿ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕುವ ಬಗೆ ಅದು ಎಂದು ತಿಳಿಸಿ. ಅದು ನೀರಿಗೆ ಮರಳುವವರೆಗೂ ಕೂತಲ್ಲಿಂದ ಏಳಬೇಡಿ. ಫೋಟೋ ಇಲ್ಲದಿದ್ದರೂ ನಡೆಯುತ್ತದೆ. ಇಂಥದ್ದನ್ನು ಕಣ್ಣಾರೆ ನೋಡಿದ ಮಗು ಅದನ್ನು ಮರೆಯುವುದಿಲ್ಲ.

ಹಾಗಂತ ಆಮೆ ನೋಡಲೇಬೇಕು ಎಂದು ಮಕ್ಕಳನ್ನು ಕರೆದುಕೊಂಡು ರಾತ್ರಿಯೆಲ್ಲ ದಂಡೆ ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ಆಮೆಗೂ ಅದು ಕಿರಿಕಿರಿ, ಕತ್ತಲಲ್ಲಿ ಕಡಲ ಪಕ್ಕ ಮಕ್ಕಳಿಗೂ ಅಪಾಯ. ನನ್ನ ಮಾತು ಕೇಳುವುದಾದರೆ ಬೆಳಕು ಹರಿಯುವ ಹೊತ್ತಿಗೆ ಎದ್ದು ಹೋಗಿ. ಬೇರೆಯವರ ಹೆಜ್ಜೆ ಬೀಳುವ ಮೊದಲು ನೀರಿನಂಚಿನಿಂದ ಮೇಲಕ್ಕೆ ಎರಡೂವರೆ ಅಡಿ ಅಗಲದ ಜಾಡು ಕಾಣಬಹುದು. ಎಡ ಕಾಲು, ಬಲ ಕಾಲು ಒಂದಾದ ಮೇಲೊಂದು ಊರಿದ ಗುರುತು. ಬಂದದ್ದೊಂದು ಸಾಲು, ಹೋದದ್ದೊಂದು ಸಾಲು. ಅದನ್ನು ಓದುವುದು ಮಕ್ಕಳಿಗೆ ಒಳ್ಳೆಯ ಪಾಠ. ಜಾಡು ಕಂಡರೆ ಅಳಿಸಬೇಡಿ, ಮರಳು ಕೆದಕಬೇಡಿ. ಹತ್ತಿರದ ಮೀನುಗಾರರಿಗೆ ತಿಳಿಸಿ, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಇಲಾಖೆಯವರು ಬಂದು ಗೂಡಿನ ಸುತ್ತ ಬಲೆ ಕಟ್ಟುತ್ತಾರೆ. ನಾಯಿ, ನರಿಗಳ ಕಾಟಕ್ಕೆ ಅದು ಬೇಕೇ ಬೇಕು. ನಮ್ಮ ಕರಾವಳಿಯಲ್ಲಿ ಗೂಡು ಕಂಡು ಸುದ್ದಿ ಮುಟ್ಟಿಸುವವರು ಹೆಚ್ಚಾಗಿ ಮೀನುಗಾರರೇ. ಅವರ ಜೊತೆ ಮಕ್ಕಳು ಹತ್ತು ನಿಮಿಷ ಮಾತಾಡಲಿ. ನಾವು ಕ್ಲಾಸಿನಲ್ಲಿ ಹೇಳಲಾಗದ ಎಷ್ಟೋ ವಿಷಯ ಅವರಿಗೆ ಗೊತ್ತು.

ಜನವರಿಯಲ್ಲಿ ಇಟ್ಟ ಮೊಟ್ಟೆ ಒಡೆಯಲು ಏಳೆಂಟು ವಾರ ಬೇಕು. ಮರಿ ಹೆಣ್ಣೋ ಗಂಡೋ ಎನ್ನುವುದನ್ನು ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. ಬಿಸಿ ಜಾಸ್ತಿಯಾದರೆ ಹೆಣ್ಣೇ ಹೆಚ್ಚು. ಒಡೆಯಲು ಅಷ್ಟು ವಾರ ಬೇಕಾದ್ದರಿಂದ ಮರಿಗಳನ್ನು ನೋಡುವ ಆಸೆಯಿದ್ದವರು ಮಾರ್ಚ್ ಹೊತ್ತಿಗೆ ಹೋಗಬೇಕು. ಆಗ ಪರೀಕ್ಷೆಯ ಸಮಯ, ಅದು ನನಗೂ ಗೊತ್ತು. ಹೋದರೆ ಇಲಾಖೆಯವರು ಮರಿ ಬಿಡುವಲ್ಲಿ ಹಗ್ಗದ ಈಚೆ ನಿಂತು ನೋಡಿ. ಕೈಗೆ ಕೊಡಿ ಎಂದು ಕೇಳಬೇಡಿ. ಎತ್ತಿ ನೀರಿಗೆ ಬಿಟ್ಟರೆ ಸಹಾಯವಾಗುತ್ತದೆ ಎಂದು ತುಂಬಾ ಜನ ತಪ್ಪು ತಿಳಿದಿದ್ದಾರೆ. ಮರಿ ಮರಳಿನ ಮೇಲೆ ತಾನೇ ನಡೆದು ಅಲೆಗೆ ಎದುರಾಗಿ ಈಜಿದಾಗಲೇ ಅದಕ್ಕೆ ಆಳ ಕಡಲಿನ ದಿಕ್ಕು ಸಿಗುವುದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಈ ಆಮೆ ಇದೆ. ಆಮೆಯನ್ನಾಗಲಿ ಮೊಟ್ಟೆಯನ್ನಾಗಲಿ ತೆಗೆದುಕೊಂಡರೆ ಮೂರರಿಂದ ಏಳು ವರ್ಷ ಜೈಲು. ಯಾರಾದರೂ ಮೊಟ್ಟೆ ಮಾರಲು ಬಂದರೆ ಕೊಳ್ಳಬೇಡಿ, ಇಲಾಖೆಗೆ ತಿಳಿಸಿ.

ರಾತ್ರಿ ದಂಡೆಗೆ ಇಳಿಯಲೇಬೇಕಾದವರಿಗೆ ಟಾರ್ಚಿಗೆ ಸುತ್ತಲು ಕೆಂಪು ಜಿಲೇಟಿನ್ ಪೇಪರ್ ತರಿಸಿಟ್ಟಿದ್ದೇವೆ. ಕೆಂಪು ಬೆಳಕು ಆಮೆಗೆ ಅಷ್ಟು ತೊಂದರೆ ಕೊಡುವುದಿಲ್ಲ. ಆದರೂ ಅದನ್ನು ನಿಮ್ಮ ಕಾಲ ಬುಡಕ್ಕೆ ಮಾತ್ರ ಹಿಡಿಯಿರಿ. ಬೇಕಾದವರು ಶುಕ್ರವಾರದೊಳಗೆ ಮಕ್ಕಳ ಡೈರಿಯಲ್ಲಿ ಬರೆದು ಕಳಿಸಿ. ಜಾಡನ್ನೋ ಗೂಡನ್ನೋ ನೋಡಿ ಬಂದ ಮಕ್ಕಳು ಊರು, ದಿನ, ಕಂಡದ್ದು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವಿಜ್ಞಾನದ ಟೀಚರ್‌ಗೆ ಕೊಡಲಿ. ಚಿಕ್ಕವರು ಚಿತ್ರ ಬರೆದರೂ ಸಾಕು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ