‘ಇತರೆ’ ಎಂಬ ಖಾನೆಯ ಬಗ್ಗೆ

ಧಾರವಾಡ

ಚಿ. ಸ್ಫೂರ್ತಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬಳ್ಳಾರಿ, ಕೊಪ್ಪಳ ಕಡೆಯ ಆರೋಗ್ಯ ಸಮೀಕ್ಷೆಗೆ ನೀನು ಬರೆದ ನಮೂನೆ ಓದಿದೆ. ಔಷಧದ ಖರ್ಚು, ಆಸ್ಪತ್ರೆಯ ದೂರ ಇವೆಲ್ಲ ಚೆನ್ನಾಗಿ ಬಿಡಿಸಿ ಕೇಳಿದ್ದೀಯ. ಆದರೆ ಮೂರನೇ ಪ್ರಶ್ನೆ, ‘ಲಿಂಗ: ಗಂಡು / ಹೆಣ್ಣು / ಇತರೆ’ ಎಂಬುದನ್ನು ಹಾಗೇ ಬಿಡಬೇಡ ಮಗಳೇ.

ಆ ‘ಇತರೆ’ ಎಷ್ಟು ಕೆಡಿಸಬಲ್ಲದು ಎಂಬುದಕ್ಕೆ 2011ರ ಜನಗಣತಿಯನ್ನೇ ನೋಡು. ಗಂಡು 1, ಹೆಣ್ಣು 2, ಇತರೆ 3 ಎಂದು ಸಂಕೇತ ಕೊಟ್ಟಿದ್ದರು. ದೇಶದಲ್ಲಿ 4,87,803 ಜನ ‘ಇತರೆ’ ಎಂದು ದಾಖಲಾದರು, ಕರ್ನಾಟಕದಲ್ಲಿ 20,266. ದೇಶದ ಆ ಲೆಕ್ಕದಲ್ಲಿ 54,854 ಮಂದಿ ಆರು ವರ್ಷದೊಳಗಿನ ಮಕ್ಕಳು. ಆ ವಯಸ್ಸಿನ ಮಗು ತಾನು ಯಾರೆಂದು ಗಣತಿದಾರರಿಗೆ ಹೇಳಿರಲಾರದು. ಮನೆಯ ಹಿರಿಯರು ಹೇಳಿದ್ದೋ, ಬರೆಯುವವರ ಕೈ ತಪ್ಪಿದ್ದೋ, ಈಗ ಬೇರ್ಪಡಿಸಿ ನೋಡುವ ದಾರಿಯೇ ಇಲ್ಲ. ಅದೇ ಹೊತ್ತಿಗೆ, ಬಾಯಿಬಿಟ್ಟು ಹೇಳಲಾರದೆ ಗಂಡು ಅಥವಾ ಹೆಣ್ಣು ಎಂದು ಬರೆಸಿ ಸುಮ್ಮನಾದವರು ಯಾವ ಲೆಕ್ಕಕ್ಕೂ ಸಿಗಲಿಲ್ಲ.

ಸಣ್ಣ ಸಮುದಾಯವನ್ನು ಎಣಿಸುವಾಗ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ನಿನ್ನ ಸಮೀಕ್ಷೆಯ 5,000 ಜನರಲ್ಲಿ ಟ್ರಾನ್ಸ್ ವ್ಯಕ್ತಿಗಳು, ಅಂದರೆ ಹುಟ್ಟಿದಾಗ ಬರೆಸಿದ್ದಕ್ಕಿಂತ ಬೇರೆ ಗುರುತಿನವರು, 25 ಜನ ಇದ್ದಾರೆ ಎಂದಿಟ್ಟುಕೋ. ಉಳಿದವರಲ್ಲಿ ನೂರಕ್ಕೆ ಒಬ್ಬರು ಪ್ರಶ್ನೆ ಅರ್ಥವಾಗದೆ ತಪ್ಪು ಖಾನೆಗೆ ಬಿದ್ದರೂ ಸುಮಾರು 50 ಜನ ಆದರು. ನಿಜವಾದ ಸಂಖ್ಯೆಯ ಎರಡರಷ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಜನಗಣತಿಗೂ ಇಂಥದೇ ಪೆಟ್ಟು ಬಿತ್ತು. ಹುಟ್ಟಿದಾಗ ನೋಂದಾಯಿಸಿದ್ದಕ್ಕೂ ಈಗಿನ ಗುರುತಿಗೂ ವ್ಯತ್ಯಾಸ ಇದೆಯೇ ಎಂದು ಒಂದೇ ಉದ್ದ ವಾಕ್ಯದಲ್ಲಿ ಕೇಳಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದವರು ಕೆಲವರು ಅದನ್ನು ತಪ್ಪಾಗಿ ಓದಿಕೊಂಡಿರಬಹುದೆಂದು ಕಂಡುಬಂದು, 2024ರಲ್ಲಿ ಆ ಅಂಕಿಗಳ ಮಾನ್ಯತೆಯ ದರ್ಜೆಯನ್ನೇ ಇಳಿಸಿದರು. ನಿನ್ನ ಪ್ರಶ್ನೆಯನ್ನು ಇಂಗ್ಲಿಷಿನಿಂದ ತರ್ಜುಮೆ ಮಾಡಬೇಡ ಎನ್ನುವುದು ಇದಕ್ಕೇ.

‘ಲಿಂಗ’ ಎಂಬ ಪದ ಬಿಡು. ದೇಹಕ್ಕೂ ಗುರುತಿಗೂ ನಮ್ಮಲ್ಲಿ ಅದೊಂದೇ ಪದ. ಇಷ್ಟಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಅದರ ಮೊದಲ ಅರ್ಥವೇ ಬೇರೆ. ‘ಲಿಂಗತ್ವ’ ಸಂಘಟನೆಗಳಲ್ಲಿ, ಸರ್ಕಾರಿ ಕಾಗದದಲ್ಲಿ ಸರಿ, ಹಳ್ಳಿ ಕಟ್ಟೆಯ ಮೇಲೆ ಯಾರೂ ಆಡುವುದಿಲ್ಲ. ಬರೀ ‘ನಿಮ್ಮನ್ನು ಏನೆಂದು ಗುರುತಿಸಿಕೊಳ್ಳುತ್ತೀರಿ?’ ಎಂದರೆ ‘ರೈತರು ರೀ’ ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿಸು: ‘ಇವುಗಳಲ್ಲಿ ನಿಮಗೆ ಹೊಂದುವುದು ಯಾವುದು? ಒಂದಕ್ಕಿಂತ ಹೆಚ್ಚೂ ಹೇಳಬಹುದು.’ ಆಮೇಲೆ ಓದಲಿ: ಮಹಿಳೆ, ಪುರುಷ, ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ, ಜೋಗಪ್ಪ ಅಥವಾ ಜೋಗತಿ, ‘ನನ್ನ ಮಾತಿನಲ್ಲೇ ಹೇಳುತ್ತೇನೆ’ (ಬರೆಯಲು ಜಾಗ), ‘ಹೇಳಲು ಇಷ್ಟವಿಲ್ಲ’.

ಒಂದಕ್ಕಿಂತ ಹೆಚ್ಚು ಗುರುತಿಗೆ ಅವಕಾಶ ಬೇಕೇ ಬೇಕು, ನಿನ್ನ ಜಿಲ್ಲೆಗಳಲ್ಲಂತೂ ಖಂಡಿತ. ಎಲ್ಲಮ್ಮನ ಸೇವೆಗೆ ನಿಂತ ಟ್ರಾನ್ಸ್ ಜನರನ್ನು ಅಲ್ಲಿ ಜೋಗಪ್ಪ, ಜೋಗತಿ ಎನ್ನುತ್ತಾರೆ. ಅವರಲ್ಲೊಬ್ಬರಾದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ‘ಜೋಗತಿ’ ಪದ ನಾಡಿಗೆಲ್ಲ ಪರಿಚಯ. ಆದರೆ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳನ್ನೂ ಜೋಗತಿ ಎಂದೇ ಕರೆಯುತ್ತಾರೆ. ಜೋಗತಿ ಎಂದವರನ್ನೆಲ್ಲ ಟ್ರಾನ್ಸ್ ಎಂದು ಎಣಿಸಿದರೆ ಲೆಕ್ಕ ಅಲ್ಲೇ ದಾರಿ ತಪ್ಪುತ್ತದೆ. ಟ್ರಾನ್ಸ್ ಮಹಿಳೆಯೊಬ್ಬರು ಬರೀ ‘ಮಹಿಳೆ’ ಎಂದರೆ ಅಷ್ಟೇ ಬರೆದುಕೊಳ್ಳಬೇಕು, ತಿದ್ದಕೂಡದು. ಪ್ರಮಾಣಪತ್ರ, ಶಸ್ತ್ರಚಿಕಿತ್ಸೆಯ ಮಾತಂತೂ ಎತ್ತಲೇಬೇಡ. 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರವರ ಗುರುತು ಅವರವರೇ ಹೇಳಬೇಕಾದ್ದು ಎಂದಿತು. ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವುದು ತಪ್ಪು ಎಂದೂ ಹೇಳಿತು.

ರಾಜ್ಯದ ನೌಕರಿ ಅರ್ಜಿಗಳಲ್ಲಿ ‘ಇತರೆ’ ಕಾಲಂ ಇದೆಯಲ್ಲ ಎಂದು ನಿನ್ನ ಮೇಲಿನವರು ಕೇಳಬಹುದು. 2021ರಲ್ಲಿ ಶೇ. 1ರ ಮೀಸಲಾತಿ ತಂದಾಗ ಅದು ಬಂತು. ಒಂದು ಹಕ್ಕು ಕೊಡಲು ಇರುವ ಕಾಲಂ ಅದು. ಅದರ ಜೊತೆ ಹೋಲಿಸಬೇಕಿದ್ದರೆ ಉತ್ತರಗಳನ್ನು ವಿಶ್ಲೇಷಣೆಯಲ್ಲಿ ಒಟ್ಟುಗೂಡಿಸು. ಬಿಡಿಯಾಗಿ ಬಂದದ್ದನ್ನು ಕೂಡಿಸಬಹುದು, ಕೂಡಿಸಿ ಬರೆದದ್ದನ್ನು ಆಮೇಲೆ ಬಿಡಿಸಲಾಗದು.

ಈಗ 21ನೇ ಪ್ರಶ್ನೆ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ. ‘ಹೆಣ್ಣು’ ಎಂದವರಿಗೆ ಮಾತ್ರ ಅದು ತೆರೆಯುವಂತೆ ಮಾಡಿದ್ದೀಯ. ಗರ್ಭಕೋಶವಿರುವ ಟ್ರಾನ್ಸ್ ಪುರುಷರು ಬಿಟ್ಟುಹೋದರು, ಗರ್ಭಕೋಶ ತೆಗೆಸಿದ ಮಹಿಳೆಗೂ, ಅದು ಇಲ್ಲದ ಟ್ರಾನ್ಸ್ ಮಹಿಳೆಗೂ ಬೇಡದ ಪ್ರಶ್ನೆ ಹೋಯಿತು. ಆರೋಗ್ಯದ ಭಾಗದ ಆರಂಭದಲ್ಲಿ ‘ಹುಟ್ಟಿದಾಗ ನಿಮ್ಮನ್ನು ಏನೆಂದು ಬರೆಸಿದ್ದರು?’ ಎಂದು ಬೇರೆಯಾಗಿ ಕೇಳು: ಹೆಣ್ಣು, ಗಂಡು, ಆಗ ಹೇಳಲಾಗಲಿಲ್ಲ, ಹೇಳಲು ಇಷ್ಟವಿಲ್ಲ. ಗಂಡು ಎಂದವರನ್ನು ಬಿಟ್ಟು ಉಳಿದವರಿಗೆ ‘ಗರ್ಭಕೋಶ ತೆಗೆಸಿದ್ದೀರಾ?’ ಎಂದು ಕೇಳಿ ಮುಂದೆ ಹೋಗಲಿ. ಇಂಥ ವೈದ್ಯಕೀಯ ಕಾರಣ ಇಲ್ಲದ ನಮೂನೆಯಲ್ಲಿ ಹುಟ್ಟಿನ ಪ್ರಶ್ನೆಯೇ ಬೇಡ. ಅದನ್ನು ಕೇಳಿಸಿಕೊಳ್ಳುವುದೇ ಕೆಲವರಿಗೆ ನೋವು.

ಅತ್ತೆ, ಅಣ್ಣ ಬಾಗಿಲಲ್ಲಿ ನಿಂತಿರುವಾಗ ಯಾರೂ ನಿಜ ಹೇಳುವುದಿಲ್ಲ. ಹೇಳಿದರೆ ಆಮೇಲೆ ಏಟು ತಿನ್ನಬೇಕಾದೀತು. ಗುರುತಿನದು, ಹುಟ್ಟಿನದು, ಈ ಎರಡು ಪ್ರಶ್ನೆಗೆ ಟ್ಯಾಬ್ಲೆಟ್ಟನ್ನು ಅವರ ಕೈಗೇ ಕೊಡಲಿ, ಓದು ಬಾರದವರಿಗೆ ಇಯರ್‌ಫೋನಿನಲ್ಲಿ ಧ್ವನಿ ಇರಲಿ. ಮನೆಯ ಯಜಮಾನರು ಉಳಿದವರ ಪರವಾಗಿ ಉತ್ತರಿಸಬಾರದು. ಸೀರೆ, ಮೀಸೆ ನೋಡಿ ಗುರುತು ಹಾಕುವ ಅಭ್ಯಾಸವನ್ನು ತರಬೇತಿಯ ಮೊದಲ ದಿನವೇ ಬಿಡಿಸು.

ನಿಮ್ಮನ್ನು ‘ಅವನು’ ಎನ್ನಬೇಕೋ ‘ಅವಳು’ ಎನ್ನಬೇಕೋ ಎಂಬ ಸರ್ವನಾಮದ ಪ್ರಶ್ನೆ ನಿನಗೆ ಬೇಡ, ‘ನೀವು’, ‘ಅವರು’ ಸಾಕು. ಆದರೆ ‘ಶ್ರೀ/ಶ್ರೀಮತಿ/ಕುಮಾರಿ’ ತೆಗೆ.

‘ಹೇಳಲು ಇಷ್ಟವಿಲ್ಲ’ಕ್ಕೆ 98, ಖಾಲಿ ಬಿಟ್ಟದ್ದಕ್ಕೆ 99 ಎಂದು ಬೇರೆ ಬೇರೆ ಸಂಕೇತ ಕೊಡು. ಹಳ್ಳಿವಾರು ಪಟ್ಟಿ ಪ್ರಕಟಿಸಬೇಡ: ಹಳ್ಳಿ, ವಯಸ್ಸು, ಜಾತಿ ಮೂರೂ ಸೇರಿದರೆ ಆ ಒಬ್ಬರು ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಕೋಷ್ಟಕದಲ್ಲಿ 10ಕ್ಕಿಂತ ಕಡಿಮೆ ಸಂಖ್ಯೆ ಬಂದ ಚೌಕಗಳನ್ನು ಜಿಲ್ಲೆಯ ಮೊತ್ತಕ್ಕೆ ಸೇರಿಸು.

ಹನ್ನೆರಡು ಜನರ ಮುಂದೆ ಓದಿ ನೋಡು. ನಾಲ್ವರು ಜೋಗಪ್ಪ, ಟ್ರಾನ್ಸ್ ಸಮುದಾಯದವರಿರಲಿ, ಅವರ ಆ ದಿನದ ಕೂಲಿ ಕೊಡು. ಉಳಿದವರು ಸಾಮಾನ್ಯ ಮನೆಯ ವಯಸ್ಸಾದವರು. ತಪ್ಪು ಖಾನೆಗೆ ಬೀಳುವ ಸಂಭವ ಹೆಚ್ಚಿರುವುದು ಅವರಿಗೇ. ‘ಈ ಪ್ರಶ್ನೆ ಏನು ಕೇಳತೈತಿ, ನಿಮ್ಮ ಮಾತಿನಾಗ ಹೇಳ್ರಿ’ ಎಂದು ಕೇಳಿ, ಅವರು ಹೇಳಿದ್ದನ್ನು ಅಕ್ಷರಶಃ ಬರೆದುಕೋ. ಆ ಹನ್ನೆರಡು ಹಾಳೆ ಮತ್ತು ತಿದ್ದಿದ ನಮೂನೆಯನ್ನು ಕ್ಷೇತ್ರಕ್ಕೆ ಇಳಿಯುವ ವಾರ ಮೊದಲೇ ನನಗೆ ಕಳಿಸು, ಕೂತು ನೋಡೋಣ.

ನಿನ್ನ ದೊಡ್ಡಮ್ಮ