ಸೀನನಿಗೆ, ನಂಬರ್ ಒನ್ ಹಾಡಿನ ಲೆಕ್ಕ

ಪ್ರಿಯ ಸೀನ,

ನೀನು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನಡುವೆ ಕುಕ್ಕರ್ ವಿಷಯ ಎತ್ತುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಿದನಲ್ಲ ಅಂತ ಬೈಯಬೇಡ. ಅಮೆರಿಕದಲ್ಲಿ ರೇಡಿಯೋ ಕೇಳಿಕೊಂಡು ಆಫೀಸಿಗೆ ಹೋಗುವ ನಮ್ಮವರು ನಿನ್ನ ಹಾಗೆ ಬೇಕಾದಷ್ಟು ಜನ ಇದ್ದಾರೆ, ಅವರಿಗೂ ಉಪಯೋಗಕ್ಕೆ ಬರಲಿ.

ನಿನ್ನ ಪ್ರಶ್ನೆ ಇಷ್ಟು: ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡಿನ ಅಡಲ್ಟ್ ಆಲ್ಟರ್ನೇಟಿವ್ ಪಟ್ಟಿಯಲ್ಲಿ ಒಂದು ಹಾಡು ಮೊದಲ ಸ್ಥಾನಕ್ಕೆ ಬಂತು ಅಂದರೆ ಅದನ್ನು ಅಷ್ಟು ಜನ ಕೇಳಿ ಮೆಚ್ಚಿದ್ದಾರೆ ಅಂತಲಾ?

ಅಲ್ಲ ಕಣೋ. ಅಡಲ್ಟ್ ಆಲ್ಬಮ್ ಆಲ್ಟರ್ನೇಟಿವ್, ಚುಟುಕಾಗಿ ಟ್ರಿಪಲ್ ಎ ಅಂತ ಕರೆಯುವ, ವಯಸ್ಕರಿಗಾಗಿ ರಾಕ್, ಫೋಕ್ ಥರದ ಹಾಡು ಹಾಕುವ ಸ್ಟೇಷನ್ನುಗಳ ಈ ಪಟ್ಟಿ 1996ರಿಂದ ಎಣಿಸುತ್ತಾ ಬಂದಿರುವುದು ವಾರದಲ್ಲಿ ಹಾಡು ಎಷ್ಟು ಸಲ ಪ್ರಸಾರವಾಯಿತು ಅನ್ನುವುದನ್ನು. ರೇಡಿಯೋದವರ ಮಾತಿನಲ್ಲಿ ಸ್ಪಿನ್. ಎಷ್ಟು ಕಿವಿಗಳಿಗೆ ಬಿತ್ತು ಅನ್ನುವ ಲೆಕ್ಕ ಬಿಲ್‌ಬೋರ್ಡಿನ ಮುಖ್ಯ ಪಟ್ಟಿಯಾದ ಹಾಟ್ 100ರ ರೇಡಿಯೋ ಭಾಗಕ್ಕೆ ಬೇಕು, ಇದಕ್ಕೆ ಬೇಡ. ಗೊತ್ತುಮಾಡಿದ ಸ್ಟೇಷನ್ನುಗಳನ್ನು ಕಂಪ್ಯೂಟರು ಹಗಲು ರಾತ್ರಿ ಆಲಿಸುತ್ತದೆ, ಹಾಡಿನ ಗುರುತು ಹಿಡಿದು ಒಂದೊಂದು ಸ್ಪಿನ್ನನ್ನೂ ಬರೆದುಕೊಳ್ಳುತ್ತದೆ. ಮಹಾನಗರದ ಸ್ಟೇಷನ್ನಿನ ಸ್ಪಿನ್ನಿಗೂ ಸಣ್ಣ ಊರಿನದಕ್ಕೂ ತೂಕ ಒಂದೇ. ಊರೆಲ್ಲ ಕಾರಿನಲ್ಲಿರುವ ಬೆಳಗಿನ ಎಂಟು ಗಂಟೆಗೂ, ಊರೆಲ್ಲ ಮಲಗಿರುವ ರಾತ್ರಿ ಮೂರಕ್ಕೂ ಒಂದೇ.

ಆ ಸ್ಪಿನ್ ಹುಟ್ಟುವ ಜಾಗ ನೋಡು, ಅಲ್ಲಿದೆ ಸ್ವಾರಸ್ಯ. ಸ್ಟೇಷನ್ನಿನಲ್ಲಿ ಯಾವ ಹಾಡು ಹಾಕಬೇಕು ಅಂತ ತೀರ್ಮಾನಿಸುವ ಪ್ರೋಗ್ರಾಂ ಡೈರೆಕ್ಟರು ಹೊಸ ಹಾಡುಗಳನ್ನು ಎಷ್ಟು ಸಲ ಹಾಕಬೇಕು ಅನ್ನುವುದರ ಮೇಲೆ ಲೈಟ್, ಮೀಡಿಯಂ, ಹೆವಿ ಅಂತ ಮೂರು ಗುಂಪು ಮಾಡುತ್ತಾರೆ. ಬಿಸಿ ಆರುತ್ತಿರುವುದು ರಿಕರೆಂಟ್, ಹಳೆಯದು ಗೋಲ್ಡ್. ಜಿಸೆಲೆಕ್ಟರ್, ಮ್ಯೂಸಿಕ್‌ಮಾಸ್ಟರ್ ಥರದ ಸಾಫ್ಟ್‌ವೇರಿನಲ್ಲಿ ಪ್ರತಿ ಗಂಟೆಗೂ ಒಂದು ನಕ್ಷೆ ಇರುತ್ತದೆ: ಮೊದಲು ಹೆವಿಯಿಂದ ಒಂದು, ಆಮೇಲೆ ಗೋಲ್ಡ್, ಆಮೇಲೆ ಲೈಟ್, ಹೀಗೆ. ಗಂಟೆಗೆ ಒಂದು ಹೆವಿ, ಆ ಗುಂಪಿನಲ್ಲಿ ಐದು ಹಾಡು ಅಂತಿಟ್ಟುಕೋ. ಒಂದೊಂದು ಹಾಡೂ ಐದು ಗಂಟೆಗೊಮ್ಮೆ ಬರುತ್ತದೆ. ವಾರಕ್ಕೆ 168 ಗಂಟೆ, ಅಂದರೆ ಹಾಡಿಗೆ 33 ಚಿಲ್ಲರೆ ಸ್ಪಿನ್.

ಐದರ ಬದಲು ಆರು ಇಟ್ಟರೆ ಏನು ಮಹಾ ಅಂತ ಹೊಸಬರು ಅಂದುಕೊಳ್ಳುತ್ತಾರೆ. 24ನ್ನು ಆರು ನಿಶ್ಶೇಷವಾಗಿ ಭಾಗಿಸುತ್ತದೆ. ಇವತ್ತು ಬೆಳಗ್ಗೆ ಎಂಟಕ್ಕೆ ಬಂದ ಹಾಡು ನಾಳೆಯೂ ಎಂಟಕ್ಕೆ, ನಾಡಿದ್ದೂ ಎಂಟಕ್ಕೆ. ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಮರಳುವವನಿಗೆ ವಾರವಿಡೀ ಅದೇ ಎರಡು ಹಾಡು, ಉಳಿದ ನಾಲ್ಕು ಅವನ ಪಾಲಿಗೆ ಹುಟ್ಟೇ ಇಲ್ಲ. ನಿನ್ನೆ ಈ ಗಂಟೆಯಲ್ಲಿ ಬಂದದ್ದು ಇವತ್ತು ಬೇಡ ಅಂತ ನಿಯಮ ಹಾಕಿದರೆ, ಸಾಫ್ಟ್‌ವೇರು ಸರದಿ ಕೆಡಿಸುತ್ತದೆ ಇಲ್ಲವೇ ಆ ಜಾಗ ಖಾಲಿ ಬಿಡುತ್ತದೆ, ಯಾರಾದರೂ ಕೂತು ಕೈಯಾರೆ ತುಂಬಬೇಕು. ಐದು ಇದ್ದರೆ ಇವತ್ತು ಎಂಟಕ್ಕೆ ಬಂದದ್ದು ನಾಳೆ ಒಂಬತ್ತಕ್ಕೆ ತಾನಾಗಿ ಸರಿಯುತ್ತದೆ. ಏಳು ಇಟ್ಟರೂ ಹಾಗೇ ಜಾರುತ್ತದೆ. ಒಳ್ಳೆಯ ಹಾಡೊಂದು ಜನರ ಕಿವಿ ತಲುಪದೆ ಹೋಗಲು ಇಷ್ಟು ಸಣ್ಣ ಭಾಗಾಕಾರ ಸಾಕು.

ಈಗ ನಿನ್ನ ಕಾರಿನ ಲೆಕ್ಕ. ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ, ವಾರಕ್ಕೆ ಐದು ದಿನ: ಏಳೂವರೆ ಗಂಟೆ. ಐದು ಗಂಟೆಗೊಮ್ಮೆ ಬರುವ ಹಾಡು ನಿನಗೆ ವಾರಕ್ಕೆ ಸಿಗುವುದು ಸರಾಸರಿ ಒಂದೂವರೆ ಸಲ. ಎರಡೂವರೆ ಗಂಟೆಗೇ ತಿರುಗಿಸುವ ಪಾಪ್ ಸ್ಟೇಷನ್ನಿನಲ್ಲಿ ಮೂರು ಸಲ. ಹಾಡೊಂದು ಹಿಡಿಸಲು ಹದಿನೈದು ಸಲ ಕಿವಿಗೆ ಬೀಳಬೇಕು ಅಂತಿಟ್ಟುಕೋ, ಅಲ್ಲಿ ಐದು ವಾರ ಸಾಕು, ಇಲ್ಲಿ ಹತ್ತು ವಾರ ಬೇಕು. ಟ್ರಿಪಲ್ ಎ ಪಟ್ಟಿ ನಿಧಾನ ಅಂತ ಗೊಣಗುವವರು ಈ ಗುಣಾಕಾರ ಮಾಡಿಲ್ಲ. ನನಗೆ ಆ ನಿಧಾನವೇ ಇಷ್ಟ. ಅಡೆಲ್‌ಳ 'ರೋಲಿಂಗ್ ಇನ್ ದ ಡೀಪ್' 2010ರ ನವೆಂಬರಿನಲ್ಲಿ ಬಿಡುಗಡೆಯಾಯಿತು, ಅಮೆರಿಕದಲ್ಲಿ ಮೊದಲು ಬೇರೂರಿದ್ದು ಇಂಥ ಸ್ಟೇಷನ್ನುಗಳಲ್ಲಿ, ಹಾಟ್ 100ರ ತುದಿ ಮುಟ್ಟಿದ್ದು 2011ರ ಮೇ ತಿಂಗಳಿನಲ್ಲಿ. ಹೋಜಿಯರ್‌ನ 'ಟೇಕ್ ಮಿ ಟು ಚರ್ಚ್' 2013ರ ಸೆಪ್ಟೆಂಬರಿನದು, ಹಾಟ್ 100ರ ಎರಡನೇ ಸ್ಥಾನಕ್ಕೆ ಏರುವಾಗ 2014ರ ಡಿಸೆಂಬರು. ತಾಳ್ಮೆಯಿಂದ ತಿಂಗಳುಗಟ್ಟಲೆ ಹಾಕುವ ಸ್ಟೇಷನ್ನುಗಳು ಇಲ್ಲದಿದ್ದರೆ ಇಂಥ ಹಾಡುಗಳ ದಾರಿ ಇನ್ನೂ ಕಷ್ಟವಾಗುತ್ತಿತ್ತು.

ಆದರೆ ಸ್ಪಿನ್ನುಗಳ ಸಂಖ್ಯೆ ಸಣ್ಣದಿದ್ದಷ್ಟೂ ಹಾಡನ್ನು ಮೇಲಕ್ಕೆ ತಳ್ಳುವುದು ಸುಲಭ. ಮೂವತ್ತು ಸ್ಟೇಷನ್ನಿನವರು 'ಈ ವಾರ ಮಾತ್ರ' ಅಂತ ತಲಾ ಮೂರು ಸ್ಪಿನ್ ಹೆಚ್ಚು ಕೊಟ್ಟರೆ ತೊಂಬತ್ತಾಯಿತು, ಮೂರನೆಯದು ಮೊದಲನೆಯದಾಗಲು ಅಷ್ಟು ಸಾಕಾಗಬಹುದು. ಹಾಗೆ ಹಾಕಿ ಅಂತ ಹಾಡಿನ ಕಂಪನಿಯವರು ಕೇಳಿಕೊಳ್ಳುವುದು ತಪ್ಪಲ್ಲ. ಗುಟ್ಟಾಗಿ ದುಡ್ಡು ಕೊಟ್ಟು ಹಾಕಿಸುವುದು ಅಮೆರಿಕದಲ್ಲಿ 1960ರ ಕಾನೂನಿನ ಪ್ರಕಾರ ಅಪರಾಧ. ಆದರೂ 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ತನಿಖೆಗೆ ಇಳಿದಾಗ ಸೋನಿ ಬಿಎಂಜಿ ಕಂಪನಿ ಒಂದು ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಹಾಗಾಗಿ ನೀನು ಪಟ್ಟಿ ನೋಡುವಾಗ ಒಂದೇ ವಾರ ನೋಡಬೇಡ. ನಾಲ್ಕು, ಒಂದು, ಆರು ಅಂತ ನೆಗೆದು ಬಿದ್ದದ್ದು ತಳ್ಳಿಸಿಕೊಂಡ ಹಾಡು ಇರಬಹುದು. ಒಂಬತ್ತು, ಏಳು, ಐದು, ನಾಲ್ಕು ಅಂತ ಹತ್ತಿ ಮೇಲೆ ಹೋಗಿ ಕೂತದ್ದನ್ನು ನಂಬು. ಅದಕ್ಕಿಂತ ಗಟ್ಟಿ ಪರೀಕ್ಷೆ, ಎರಡು ವರ್ಷದ ಮೇಲೆ ಆ ಹಾಡು ಗೋಲ್ಡಿನಲ್ಲಿ ಉಳಿದಿದೆಯಾ ಅನ್ನುವುದು. ಆಗ ಅದನ್ನು ಹಾಕಿ ಅಂತ ಯಾವ ಕಂಪನಿಯೂ ಫೋನು ಮಾಡುವುದಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಒಂದು ವಿಷಯ ಕೊರೆಯಲು ಶುರುವಾಗಿದೆ. ಬೆಂಗಳೂರಿನಲ್ಲಿ ಇಂಡಿಗೋ 91.9 ರೇಡಿಯೋ ಹಾಕಿಕೊಂಡು ಕೋಲ್ಡ್‌ಪ್ಲೇ ಬ್ಯಾಂಡಿನ ಹಾಡು ಕೇಳುತ್ತಿದ್ದಾಗ ಅದು ನಮ್ಮ ಅಭಿರುಚಿ, ನಾವೇ ಆರಿಸಿಕೊಂಡದ್ದು ಅಂತ ಎಷ್ಟು ನಂಬಿದ್ದೆವು. ಅದರಲ್ಲಿ ನಮ್ಮದೆಷ್ಟು, ಯಾರೋ ಗಂಟೆಯ ನಕ್ಷೆಯಲ್ಲಿ ಇಟ್ಟ ಸರದಿಯದೆಷ್ಟು? ಹದಿನೈದನೇ ಸಲಕ್ಕೆ ಹುಟ್ಟುವ ಪ್ರೀತಿಯನ್ನು ನನ್ನದು ಅನ್ನಬಹುದಾ? ಅನ್ನಬಹುದು ಅಂತಲೇ ನನ್ನ ಮನಸ್ಸು ಹೇಳುತ್ತದೆ, ಕಾರಣ ಕೊಡಲು ಬರುವುದಿಲ್ಲ.

ಇನ್ನೊಂದೂ ಹೇಳಿಬಿಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಕೆ-ಫಾಗ್ ಸ್ಟೇಷನ್ 2019ರಲ್ಲಿ ಮುಚ್ಚಿದಾಗ ಬೆಳಗಿನ ಹತ್ತಕ್ಕೆ ಒಂದೇ ವರ್ಷದ ಹತ್ತು ಹಾಡು ಹಾಕುವ ಕಾರ್ಯಕ್ರಮ ಹೋಯಿತಲ್ಲ ಅಂತ ನೀನು ಬೇಜಾರು ಮಾಡಿಕೊಂಡಿದ್ದೆ. 2024ರಲ್ಲಿ ಸಿಯಾಟಲ್‌ನ ಕೆಇಎಕ್ಸ್‌ಪಿ ಸ್ಟೇಷನ್ ನಿಮ್ಮೂರಿಗೆ 92.7ರಲ್ಲಿ ಬಂತು. ಅಲ್ಲಿ ಡಿಜೆಗಳೇ ಹಾಡು ಆರಿಸುತ್ತಾರೆ, ಅದರ ಸ್ಟ್ರೀಮ್ ಇಲ್ಲಿಗೂ ಸಿಗುತ್ತದೆ. ನಿನ್ನ ಬೆಳಗಿನ ಎಂಟು ಇಲ್ಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಆ ಹೊತ್ತಿಗೆ ನಾನು ಹಾಕಿಕೊಂಡು ಕೂರುವುದು ಹೊಸ ಹಾಡಿಗಾಗಿ ಅಂತ ಎಲ್ಲರ ಹತ್ತಿರ ಹೇಳುತ್ತೇನೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ, ಅದೇ ಹಾಡು ಆ ಕ್ಷಣಕ್ಕೆ ನಿನ್ನ ಕಾರಿನಲ್ಲೂ ಬರುತ್ತಿರುತ್ತದೆ ಅನ್ನುವುದಕ್ಕಾಗಿ. ಹಾಡು ಸುಮಾರಾಗಿದ್ದರೂ ನಿಲ್ಲಿಸುವುದಿಲ್ಲ.

ಸರಿ, ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ, ನೀನು ಬರೆಯುವುದೂ ಇಲ್ಲ. ಒಂದು ಕೆಲಸ ಮಾತ್ರ ಮಾಡು. ಒಂದು ವಾರ ನಿನ್ನ ಇಷ್ಟದ ಸ್ಟೇಷನ್ನಿನ ವೆಬ್‌ಸೈಟಿನಲ್ಲಿ ಪ್ಲೇಲಿಸ್ಟ್ ತೆಗೆದು, ಒಂದೇ ಹಾಡು ಯಾವ ಯಾವ ಗಂಟೆಗೆ ಬಂತು ಅಂತ ಗುರುತು ಹಾಕಿಕೊಂಡು ಕಳಿಸು. ಅವರು ಆರು ಇಟ್ಟಿದ್ದಾರೋ ಏಳು ಇಟ್ಟಿದ್ದಾರೋ ನಾನು ಹೇಳುತ್ತೇನೆ. ಕೊಡೆ ಇನ್ನೂ ನನ್ನ ಹತ್ತಿರವೇ ಇದೆ, ಮನೆಯವರಿಗೆ ಹೇಳಬೇಡ.

ನಿನ್ನ,
ಹಿಂದಿನ ಬೆಂಚಿನವ