ಬಾಗಿಲು ಮುರಿದ ಮೇಲೆ ಒಳಗೆ ಏನು ಸಿಕ್ಕಿತು?

ಪ್ರೀತಿಯ ತಮ್ಮ,

ಅಮೆರಿಕದ ಪೊಲೀಸರು ಸೈನಿಕರಂತೆ ಸಜ್ಜಾಗುತ್ತಿರುವ ಬಗ್ಗೆ ನೀನು ಬರೆದ ಕರಡು ಓದಿದೆ. ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ‘ಟ್ಯಾಂಕ್’ ಅಂತ ಮೂರು ಕಡೆ ಬರೆದಿದ್ದೀಯ, ಮೂರನ್ನೂ ಹೊಡೆದುಹಾಕು. ಅದು ಎಂ-ರ‍್ಯಾಪ್: ನೆಲಬಾಂಬ್ ತಡೆಯಲು ಮಾಡಿದ, 10 ಟನ್‌ಗಿಂತ ಹೆಚ್ಚು ತೂಗುವ, ಚಕ್ರದ ಕವಚವಾಹನ. ಅದಕ್ಕೆ ಫಿರಂಗಿ ಇರುವುದಿಲ್ಲ. ಇಂಥ ಒಂದು ಹೆಸರು ತಪ್ಪಿದರೆ ಸಾಕು, ಇಲಾಖೆಯ ವಕ್ತಾರರು ಅದನ್ನೇ ಹಿಡಿದು ಇಡೀ ಲೇಖನವನ್ನು ತಳ್ಳಿಹಾಕುತ್ತಾರೆ.

ಸೈನ್ಯದಲ್ಲಿ ಮಿಕ್ಕ ಸಾಮಗ್ರಿ ಪೊಲೀಸರಿಗೆ ಹೋಗುವುದು ‘1033’ ಯೋಜನೆಯಡಿ. 1990ರಲ್ಲಿ ಮಾದಕವಸ್ತು ನಿಗ್ರಹಕ್ಕೆಂದು ಶುರುವಾದ ವ್ಯವಸ್ಥೆಗೆ 1996ರ ಕಾನೂನು ಈಗಿನ ರೂಪ ಕೊಟ್ಟಿತು. ಯಾವ ಠಾಣೆಗೆ ಏನು ಹೋಯಿತೆಂಬ ಪಟ್ಟಿ ಸಾರ್ವಜನಿಕವಾಗಿಯೇ ಸಿಗುತ್ತದೆ. ಎಡವುವುದು ಅದನ್ನು ಓದುವಾಗ. ಅಲ್ಲಿರುವ ಬೆಲೆ ಸೈನ್ಯ ಮೊದಲು ಕೊಂಡಾಗಿನದು. ಪೊಲೀಸರು ಕೊಡುವುದು ಸಾಗಣೆ, ನಿರ್ವಹಣೆಯ ಖರ್ಚು ಮಾತ್ರ. ಕಂಬಳಿ, ಜನರೇಟರ್ ಕೂಡ ಆ ಮೊತ್ತದಲ್ಲಿ ಸೇರಿರುತ್ತವೆ. ಇಂಥ ಸಾದಾ ವಸ್ತುಗಳು ಒಂದು ವರ್ಷದ ನಂತರ ಠಾಣೆಯ ಸ್ವಂತವಾಗಿ ಪಟ್ಟಿಯಿಂದ ಇಳಿದುಹೋಗುತ್ತವೆ. ಹಾಗಾಗಿ ಹಳೆಯ ಪಟ್ಟಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ‘ಕಡಿಮೆಯಾಗಿದೆ’ ಎಂದುಬಿಡಬೇಡ. ಅನುದಾನದ ಹಣದಲ್ಲಿ ಪೊಲೀಸರೇ ಕೊಂಡ ರೈಫಲ್, ವಾಹನಗಳಂತೂ ಇದರಲ್ಲಿ ಬರುವುದೇ ಇಲ್ಲ.

ಇಷ್ಟೆಲ್ಲ ಆದರೂ ನಾಗರಿಕರಿಗೆ ಏನಾಯಿತು ಅನ್ನುವುದು ಈ ಪಟ್ಟಿಯಲ್ಲಿಲ್ಲ, ದಾಳಿಯ ಕಡತದಲ್ಲಿದೆ. ಸ್ವಾಟ್ ಎಂಬ ಪೊಲೀಸರ ವಿಶೇಷ ಸಶಸ್ತ್ರ ಪಡೆಗಳು 1960ರ ದಶಕದಲ್ಲಿ ಹುಟ್ಟಿದ್ದು ಬಂದೂಕುಧಾರಿಗಳು, ಒತ್ತೆಸೆರೆಯಂಥ ತುರ್ತಿಗೆ. ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2014ರಲ್ಲಿ ಎಂಟುನೂರಕ್ಕೂ ಹೆಚ್ಚು ಕಾರ್ಯಾಚರಣೆಗಳ ದಾಖಲೆ ನೋಡಿದಾಗ ಶೇ. 79ರಷ್ಟು ಬರೀ ಶೋಧನಾ ವಾರಂಟ್ ಜಾರಿಗಾಗಿ ನಡೆದಿದ್ದವು.

ಆದ್ದರಿಂದ ಒಂದೇ ಒಂದು ದಾಳಿ ಆರಿಸಿಕೋ. ನ್ಯಾಯಾಲಯದಿಂದ ಮೊದಲು ವಾರಂಟ್ ಮತ್ತು ಅದಕ್ಕೆ ಆಧಾರವಾದ ಪ್ರಮಾಣಪತ್ರ (ಅಫಿಡವಿಟ್) ತೆಗೆಸು. ಬಾಗಿಲು ತಟ್ಟದೆ ನುಗ್ಗಲು ಅನುಮತಿ ಕೇಳಿದ್ದರೇ, ಏನು ಕಾರಣ ಕೊಟ್ಟಿದ್ದರು, ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ವಿಚಾರಿಸಿದ್ದರೇ ನೋಡು. ಆಮೇಲೆ ಜಪ್ತಿ ಪಟ್ಟಿ. ಎಷ್ಟೋ ವರದಿಗಾರರು ದಾಳಿಯ ಚಿತ್ರ ಸಿಕ್ಕಿದ ಕೂಡಲೇ ನಿಲ್ಲುತ್ತಾರೆ, ಈ ಹಾಳೆಯವರೆಗೆ ಬರುವುದೇ ಇಲ್ಲ.

2014ರ ಮೇ ತಿಂಗಳಲ್ಲಿ ಜಾರ್ಜಿಯಾ ರಾಜ್ಯದ ಒಂದು ಮನೆಗೆ ರಾತ್ರಿ ಹೊತ್ತು ನುಗ್ಗಿದ ಪಡೆ ಫ್ಲ್ಯಾಶ್‌ಬ್ಯಾಂಗ್ ಎಸೆಯಿತು. ಕಣ್ಣು ಕುಕ್ಕುವ ಬೆಳಕು, ಕಿವಿ ಗಡಚಿಕ್ಕುವ ಸದ್ದಿನ ಜೊತೆ ಸುಡುವ ಶಕ್ತಿಯೂ ಇರುವ ವಸ್ತು ಅದು. ಬಿದ್ದದ್ದು 19 ತಿಂಗಳ ಕೂಸು ಮಲಗಿದ್ದ ತೊಟ್ಟಿಲೊಳಗೆ. ಮಗುವಿನ ಮುಖ, ಎದೆ ಸುಟ್ಟುಹೋಯಿತು. ಪೊಲೀಸರು ಹುಡುಕುತ್ತಿದ್ದ ವ್ಯಕ್ತಿ ಅಲ್ಲಿರಲಿಲ್ಲ, ಮಾದಕವಸ್ತುವೂ ಸಿಗಲಿಲ್ಲ. ಇದನ್ನು ಬರೆಯುವಾಗ ‘ಭೀಕರ’, ‘ಅಮಾನುಷ’ ಯಾವುದೂ ಬೇಡ.

ಇನ್ನೊಂದು ಮಾತು. ರಬ್ಬರ್ ಗುಂಡಿಗೆ ‘ಪ್ರಾಣಾಪಾಯವಿಲ್ಲದ’ ಎಂಬ ವಿಶೇಷಣ ಹಾಕಿದ್ದೀಯ. ಅದು ತಯಾರಕರ ಭಾಷೆ. 2017ರ ಒಂದು ವೈದ್ಯಕೀಯ ಸಮೀಕ್ಷೆಯಲ್ಲಿ ಇಂಥ ಗುಂಡು ತಗುಲಿದ 1,984 ಮಂದಿಯಲ್ಲಿ 53 ಜನ ತೀರಿಕೊಂಡಿದ್ದರು.

ಮುರಿದ ಬಾಗಿಲಿನ ದುರಸ್ತಿಗೆ ದುಡ್ಡು ಕೊಟ್ಟವರು ಯಾರು ಎಂದೂ ಮನೆಯವರನ್ನು ಕೇಳು. ಪೊಲೀಸ್ ಕಾರ್ಯಾಚರಣೆಯ ಹಾನಿಗೆ ಸರ್ಕಾರ ಪರಿಹಾರ ಕೊಡಬೇಕಿಲ್ಲ ಎಂದ ತೀರ್ಪುಗಳಿವೆ. ದುರಸ್ತಿಯ ರಸೀದಿ ಮತ್ತು ಜಪ್ತಿ ಪಟ್ಟಿ, ಎರಡೂ ಕೈಗೆ ಬಂದ ಮೇಲೆ ಮೊದಲ ಪುಟ ಮತ್ತೆ ಬರೆದು ಕಳಿಸು.

ನಿನ್ನ ಅಣ್ಣ